ಬೆಟ್ಟಕ್ಕೆ ಹೋದ ಜಡೆ

ಆ ಹುಡುಗಿಯನ್ನು ನಾನು ಆರಿಸಿದ್ದು ಅವಳ ಜಡೆಗಾಗಿ. ಇದನ್ನು ಒಪ್ಪಿಕೊಳ್ಳಲು ಈಗ ಸ್ವಲ್ಪ ಸಂಕೋಚವಾಗುತ್ತದೆ, ಏಕೆಂದರೆ ಅವಳಲ್ಲಿ ಬೇರೆ ಗುಣಗಳೂ ಇದ್ದವು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಿದ್ದಳು, ಕ್ಯಾಮೆರಾ ಕಂಡರೆ ಹಲ್ಲು ಕಿರಿಯುತ್ತಿರಲಿಲ್ಲ, ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಆದರೆ ಉಮ್ಮತ್ತೂರಿನ ಶಾಲೆಯ ಅಂಗಳದಲ್ಲಿ ನಲವತ್ತು ಮಕ್ಕಳ ನಡುವೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸೊಂಟ ದಾಟಿ ಇಳಿದಿದ್ದ ಆ ದಪ್ಪ ಜಡೆ.

ನನಗೆ ಅಂಥ ಜಡೆಯೇ ಬೇಕಿತ್ತು. ನಾನು ನಿರ್ದೇಶಕಿಯಾಗಿಯೂ ನಿರ್ಮಾಪಕಿಯಾಗಿಯೂ ಕೈಗೆತ್ತಿಕೊಂಡಿದ್ದ ಮೊದಲ ಟೆಲಿಚಿತ್ರ ಅದು, ಒಂದೂವರೆ ಗಂಟೆಯದು. ಕಥೆ ಸರಳ. ತಾಯಿಯಿಲ್ಲದ ಹತ್ತು ವರ್ಷದ ಹುಡುಗಿ, ಲಾರಿ ಓಡಿಸುವ ತಂದೆ. ಕೇರಳಕ್ಕೆ ಈರುಳ್ಳಿ ಒಯ್ದ ತಂದೆ ಮೂರು ವಾರವಾದರೂ ಹಿಂತಿರುಗುವುದಿಲ್ಲ. ಹುಡುಗಿ ಒಬ್ಬಳೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದು, ಲಾರಿಗಳು ನಿಲ್ಲುವ ಜಾಗದಲ್ಲಿ ಅವನನ್ನು ಹುಡುಕುತ್ತಾಳೆ. ಕೊನೆಯ ದೃಶ್ಯದಲ್ಲಿ ಮನೆಗೆ ಮರಳಿದ ತಂದೆ ಮಗಳ ತಲೆ ಬಾಚಿ ಜಡೆ ಹಾಕುತ್ತಾನೆ. ಡ್ರೈವರನ ಒರಟು ಕೈ, ಹುಡುಗಿಯ ಉದ್ದ ಕೂದಲು. ಇಡೀ ಚಿತ್ರವನ್ನು ನಾನು ಆ ಒಂದು ದೃಶ್ಯದಿಂದ ಹಿಂದಕ್ಕೆ ಬರೆದಿದ್ದೆ.

ಒಪ್ಪಿಗೆ ಕೇಳಲು ಹುಡುಗಿಯ ಮನೆಗೆ ಹೋದಾಗ ಅಪ್ಪ ಅಮ್ಮ ಕೂಲಿಗೆ ಹೋಗಿದ್ದರು. ಅಜ್ಜಿ ಚಾಪೆ ಹಾಸಿ ಕೂರಿಸಿದರು. ನಾನು ಕೂದಲನ್ನು ಹೊಗಳಿದೆ.

"ಕತ್ರಿ ತಾಕ್ಸಿಲ್ಲ ಕಣವ್ವ," ಎಂದರು ಅಜ್ಜಿ. "ಅಯ್ದ್ ವರ್ಸದ ಕೂಸಾಗಿದ್ದಾಗ ಜ್ವರ ಬಂದು ಕಣ್ಣೇ ಬುಡ್ನಿಲ್ಲ. ಬದುಕ್ಸು ನಮ್ಮಪ್ಪ, ಮುಡಿ ಕೊಡ್ತೀವಿ ಅಂತ ಹರಸ್ಕಂಡೊ. ಅವತ್ನಿಂದ ಇದು ನಮ್ದಲ್ಲ, ಮಾದಪ್ಪಂದು."

ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: "ಕೂದಲು ಹರಕೆಯದು. ಕತ್ತರಿ ಹಾಕುವುದಿಲ್ಲ." ಬರೆದು ಸಮಾಧಾನಪಟ್ಟೆ. ಬಾಲನಟಿಯರ ವಿಷಯದಲ್ಲಿ ನಿರ್ದೇಶಕರಿಗೆ ಇರುವ ದೊಡ್ಡ ಭಯವೆಂದರೆ ಚಿತ್ರೀಕರಣದ ನಡುವೆ ಯಾರೋ ಅತ್ತೆ ಚಿಕ್ಕಮ್ಮಂದಿರು ಕೂದಲು ಕತ್ತರಿಸಿಬಿಡುವುದು. ಇಲ್ಲಿ ದೇವರೇ ಕಾವಲಿದ್ದಾನೆ ಎಂದುಕೊಂಡೆ. ಮುಡಿ ಕೊಡುವುದು ಯಾವಾಗ ಎಂದು ಕೇಳಲಿಲ್ಲ. ಅದೊಂದೇ ಪ್ರಶ್ನೆ ಕೇಳಬೇಕಾಗಿತ್ತು.

ಚಿತ್ರೀಕರಣವನ್ನು ಎರಡು ಭಾಗ ಮಾಡಿದ್ದೆವು. ಮೊದಲು ಏಳು ದಿನ ಉಮ್ಮತ್ತೂರು ಮತ್ತು ಚಾಮರಾಜನಗರದಲ್ಲಿ: ಮನೆ, ಶಾಲೆ, ಬಸ್ಸು ಹತ್ತುವುದು, ಕೊನೆಯ ಜಡೆಯ ದೃಶ್ಯ. ಆಮೇಲೆ ಆರು ದಿನ ಬಿಡುವು, ಏಕೆಂದರೆ ಬೆಂಗಳೂರಿನಿಂದ ಬಾಡಿಗೆಗೆ ತಂದಿದ್ದ ಕ್ಯಾಮೆರಾ ಬೇರೆ ತಂಡಕ್ಕೆ ಹೋಗಬೇಕಿತ್ತು. ನಂತರ ಆರು ದಿನ ಗುಂಡ್ಲುಪೇಟೆ. ಒಂದೇ ಮನೆಯಲ್ಲಿ ನಡೆಯುವ ಆರಂಭ ಮತ್ತು ಅಂತ್ಯ ಎರಡನ್ನೂ ಒಟ್ಟಿಗೆ ತೆಗೆದು ಮುಗಿಸುವುದು ನಮ್ಮ ಕೆಲಸದಲ್ಲಿ ಮಾಮೂಲು. ಹೀಗೆ ತೆಗೆಯುವಾಗ ಹಿಂದುಮುಂದಿನ ಹೊಂದಿಕೆ ತಪ್ಪದಂತೆ ದಾಖಲೆ ಇಡಬೇಕು. ನಮ್ಮದು ಚಿಕ್ಕ ತಂಡ. ಆ ದಾಖಲೆಯನ್ನು ನಾನೇ ಬರೆಯುತ್ತಿದ್ದೆ. ಫ್ರಾಕಿನ ಎಡತೋಳಿನ ಹೊಲಿಗೆ ಬಿಟ್ಟಿದೆ. ರಿಬ್ಬನ್ ಹಸಿರು, ಗಂಟು ಬಲಕ್ಕೆ. ಬಳೆ ಎಡಗೈಗೆ ಎರಡು, ಬಲಗೈಗೆ ಒಂದು.

ಮೊದಲ ಭಾಗ ಚೆನ್ನಾಗಿ ನಡೆಯಿತು. ತಂದೆಯ ಪಾತ್ರಕ್ಕೆ ಮೈಸೂರಿನ ಹವ್ಯಾಸಿ ತಂಡದ ನಟರೊಬ್ಬರು ಬಂದಿದ್ದರು, ಬ್ಯಾಂಕಿನ ಉದ್ಯೋಗಿ. ಜಡೆ ಹಾಕುವುದನ್ನು ಸ್ವಂತ ಮಗಳ ತಲೆಯ ಮೇಲೆ ಒಂದು ವಾರ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಆದರೂ ಗಂಟು ಸೊಟ್ಟಗಾಯಿತು, ಅದೇ ಸರಿಹೋಯಿತು. ಹುಡುಗಿ, "ಬಿಗ್ಯಾಗಿ ಆಕು ಅಪ್ಪ," ಎಂದಳು. ಅವರು, "ಇನ್ ನಿನ್ನ ಬುಟ್ಟು ಎಲ್ಲೂ ಓಗಲ್ಲ ಬುಡು," ಎಂದರು. ಅದು ಚಿತ್ರದ ಕೊನೆಯ ಮಾತು. ಎರಡನೇ ಟೇಕ್ ಒಪ್ಪಿದೆ. ಬಿಡುವಿಗೆ ಹೊರಡುವಾಗ ಹುಡುಗಿಯ ತಾಯಿಗೆ ಸೂಚನೆಗಳನ್ನು ಓದಿ ಹೇಳಿದೆ: ಫ್ರಾಕ್ ಒಗೆಯಬೇಡಿ, ಬಳೆ ಬದಲಿಸಬೇಡಿ, ಬಿಸಿಲಿಗೆ ಹೆಚ್ಚು ಬಿಡಬೇಡಿ. ಅವರು ಎಲ್ಲದಕ್ಕೂ "ಆಯ್ತು ಕಣಕ್ಕ" ಎಂದರು. ಎಲ್ಲವನ್ನೂ ಹಾಗೆಯೇ ಪಾಲಿಸಿದರು ಕೂಡ.

ಬಿಡುವಿನ ನಡುವೆ ಅಮಾವಾಸ್ಯೆ ಬಂದಿತ್ತು. ನಾನು ಗಮನಿಸಿರಲಿಲ್ಲ.

ಗುಂಡ್ಲುಪೇಟೆಯ ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಅಜ್ಜಿ ಮತ್ತು ಮೊಮ್ಮಗಳು ಬಸ್ಸಿನಿಂದ ಇಳಿದರು. ಒಗೆಯದ ಫ್ರಾಕ್, ಎಡಗೈಗೆ ಎರಡು ಬಳೆ, ಬಲಗೈಗೆ ಒಂದು. ತಲೆ ನುಣ್ಣಗೆ ಬೋಳಾಗಿತ್ತು. ಅದರ ಮೇಲೆ ಗಂಧದ ಹಳದಿ ಇನ್ನೂ ಹೋಗಿರಲಿಲ್ಲ. ಹಸಿರು ರಿಬ್ಬನ್ನನ್ನು ಹುಡುಗಿ ಮಡಿಸಿ ಕೈಯಲ್ಲಿ ಹಿಡಿದಿದ್ದಳು.

ಅಜ್ಜಿ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಪ್ರಸಾದ ಇಟ್ಟರು. "ಮಾದಪ್ಪನ್ ಬೆಟ್ಟಕ ಓಗಿದ್ದೊ ಕಣವ್ವ. ಹರಸ್ಕಂಡು ಅಯ್ದ್ ವರ್ಸ ತುಂಬ್ತು, ಅಮಾಸನೂ ಬಂತು, ನಿಮ್ ಕೆಲ್ಸಕ್ಕೂ ರಜ ಇತ್ತು. ಎಲ್ಲ ಒಂದೇ ಕಿತ ಕೂಡಿ ಬಂತು. ನಿಮ್ಮೆಸ್ರಲ್ಲೂ ಒಂದ್ ಕಾಯಿ ಒಡಸ್ದಿ."

ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. "ಅಜ್ಜಿ, ಅಷ್ಟು ಸಲ ಹೇಳಿದ್ವಲ್ಲ, ಏನೂ ಬದಲಾಯಿಸಬೇಡಿ ಅಂತ!"

"ಏನ್ ಬದ್ಲಾಯ್ಸಿದ್ದೊ? ಬಟ್ಟ ಅದೇ, ಬಳ ಅದೇ. ಕೂದ್ಲು ನೀವ್ ಕೊಟ್ಟಿದ್ರಾ? ಅದು ಮಾದಪ್ಪಂದು ಅಂತ ಈ ಅವ್ವನ್ಗ ಮೊದ್ಲೇ ಏಳಿವ್ನಿ."

ಹೇಳಿದ್ದರು. ನನ್ನ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು. ಮ್ಯಾನೇಜರ್ ನನ್ನ ಮುಖ ನೋಡಿದರು. "ತಪ್ಪು ನನ್ನದು," ಎಂದೆ. ಆ ದಿನ ನನ್ನಿಂದಾದ ಉಪಯುಕ್ತ ಕೆಲಸ ಅದೊಂದೇ ಎಂದು ಕಾಣುತ್ತದೆ. ಏಕೆಂದರೆ ಆಮೇಲೆ ಯಾರೂ ಅಜ್ಜಿಯ ಮೇಲೆ ದನಿ ಎತ್ತಲಿಲ್ಲ.

ಕ್ಯಾಮೆರಾಮನ್ ನಮ್ಮಲ್ಲಿ ಹಿರಿಯರು. ನಾನು ಬಾಲನಟಿಯಾಗಿದ್ದಾಗ ಅವರು ಅದೇ ಸೆಟ್ಟುಗಳಲ್ಲಿ ಕ್ಯಾಮೆರಾ ಸಹಾಯಕರಾಗಿದ್ದರು. ಅವರು ಹುಡುಗಿಯ ತಲೆಯನ್ನು ಬಿಸಿಲಿಗೆ ತಿರುಗಿಸಿ ನೋಡಿ, "ಬೆಳಕು ಚೆನ್ನಾಗಿ ಹಿಡಿಯುತ್ತೆ, ಅದೊಂದೇ ಸಮಾಧಾನ," ಎಂದರು. ಹುಡುಗಿ ಕಿಸಕ್ಕನೆ ನಕ್ಕಳು.

ಪರಿಸ್ಥಿತಿಯನ್ನು ಕಾಗದದ ಮೇಲೆ ಬರೆದು ನೋಡಿದೆ. ಕೈಯಲ್ಲಿ ಆರು ದಿನ. ಏಳನೆಯ ದಿನ ಕ್ಯಾಮೆರಾ ಹೋಗುತ್ತದೆ, ತಂದೆಯ ಪಾತ್ರಧಾರಿಯ ರಜೆಯೂ ಮುಗಿಯುತ್ತದೆ. ಆ ತಿಂಗಳ ಕೊನೆಗೆ ಚಿತ್ರವನ್ನು ಟಿ.ವಿ. ಕೇಂದ್ರಕ್ಕೆ ಒಪ್ಪಿಸದಿದ್ದರೆ ನಮ್ಮ ಪ್ರಸಾರದ ಸಮಯ ಸಾಲಿನಲ್ಲಿ ಮುಂದಿನವರಿಗೆ ಸಲ್ಲುತ್ತದೆ. ಚಿತ್ರದ ಆರಂಭದಲ್ಲಿ ಜಡೆ ಇದೆ, ಅಂತ್ಯದಲ್ಲೂ ಜಡೆ ಇದೆ. ನಡುವೆ ಇಲ್ಲ. ನಡುವೆ ಒಂದು ದೃಶ್ಯ ಸೇರಿಸಿ ಮುಡಿ ಕೊಟ್ಟಳು ಎನ್ನಬಹುದು. ಆದರೆ ಮೂರು ದಿನದ ಹುಡುಕಾಟದ ಕೊನೆಗೆ ಸೊಂಟದುದ್ದ ಜಡೆ ಮತ್ತೆ ಹೇಗೆ ಬರುತ್ತದೆ?

ಮ್ಯಾನೇಜರ್ ವಿಗ್ ತರಿಸಲು ಮೈಸೂರಿಗೆ ಆಳು ಕಳಿಸಿದರು. ಆ ದಿನವೆಲ್ಲ ಹುಡುಗಿಯಿಲ್ಲದ ಶಾಟುಗಳನ್ನು ತೆಗೆದೆವು: ಈರುಳ್ಳಿ ಮೂಟೆ ಹೊರುವವರು, ಹಗ್ಗ ಬಿಗಿಯುವ ಕ್ಲೀನರುಗಳು, ಟಾರ್ಪಾಲಿನ ಅಡಿಯಿಂದ ಇಣುಕುವ ಹಸಿಮೆಣಸಿನ ಚೀಲ. ಬೇಕಾದದ್ದಕ್ಕಿಂತ ಹೆಚ್ಚು ತೆಗೆದೆ. ಕೈ ಸುಮ್ಮನಿರಬಾರದೆಂದು ಹಾಗೆ ಮಾಡಿದೆ.

ಮರುದಿನ ಬೆಳಿಗ್ಗೆ ವಿಗ್ ಬಂತು, ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯದು. ನೇರ ಬಿಸಿಲಿನಲ್ಲಿ, ನೆರಳಿನಲ್ಲಿ, ನಡೆಯುವಾಗ, ಹೀಗೆ ಮೂರು ಪರೀಕ್ಷೆ ಮಾಡಿ ಮಾನಿಟರಿನಲ್ಲಿ ನೋಡಿದೆವು. ಬಿಸಿಲಿನಲ್ಲಿ ನೈಲಾನ್ ನೀಲಿಯಾಗಿ ಹೊಳೆಯಿತು. ನೆರಳಿನಲ್ಲಿ ಹಣೆಯ ಅಂಚು ಬಟ್ಟೆ ಹೊಲಿದಂತೆ ಕಂಡಿತು. ನಡೆದಾಗ ಜಡೆ ತೂಗಲಿಲ್ಲ, ಹಗ್ಗದ ತುಂಡಿನಂತೆ ಬೆನ್ನಿಗೆ ಬಡಿಯಿತು.

"ಭೀಮನ ಗದೆ ಒಂದು ಕಡಿಮೆ," ಎಂದರು ಕ್ಯಾಮೆರಾಮನ್.

ಹುಡುಗಿ ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದಳು. ವಿಗ್ ತೆಗೆದು ನೋಡಿದರೆ ಕ್ಷೌರದ ಕತ್ತಿ ತಾಕಿದ ಎರಡು ಕಡೆ ಅಂಟು ಸೇರಿ ಕೆಂಪಗಾಗಿತ್ತು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತ, "ಇದೇನ್ ಕಣಮ್ಮಿ, ಸತ್ತೋರ್ ಕೂದ್ಲ ತಂದು ಬದುಕಿರ ಕೂಸಿನ್ ತಲಗ ಇಕ್ಕೀರಿ," ಎಂದರು. ನಾನು ವಿಗ್ಗನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಕೆಲಸಗಾರರು, ಸಮಸ್ಯೆಗೆ ಸಮಸ್ಯೆಯಷ್ಟೇ ಉದ್ದದ ಪರಿಹಾರ ಹುಡುಕುವವರು. "ಮೇಡಂ, ಆಯ್ಕೆ ಮಾಡುವಾಗ ಮೈಸೂರಿನ ಒಂದು ಹುಡುಗಿ ಎರಡನೆಯವಳಾಗಿದ್ದಳಲ್ಲ, ಡಾನ್ಸ್ ಕಲಿತವಳು. ಜಡೆಯೂ ಇದೆ. ಇವತ್ತು ಫೋನ್ ಮಾಡಿದರೆ ನಾಳೆ ಬೆಳಿಗ್ಗೆ ಇಲ್ಲಿರ್ತಾಳೆ. ಊರಿನ ದೃಶ್ಯಗಳಲ್ಲಿ ಮುಖ್ಯವಾದದ್ದನ್ನ ಒಂದೂವರೆ ದಿನದಲ್ಲಿ ಮತ್ತೆ ತೆಗೆಯಬಹುದು. ಇವಳ ಫ್ರಾಕ್ ಅವಳಿಗೆ ಆಗುತ್ತೆ, ಅಳತೆ ನೋಡಿದೀನಿ."

ಲೆಕ್ಕ ಸರಿಯಾಗಿತ್ತು. ನಾನು ಒಂದು ಗಂಟೆ ಸಮಯ ಕೇಳಿದೆ.

ನನ್ನ ಬಾಲನಟನೆಯ ಬಗ್ಗೆ ನಾನು ಸಾಮಾನ್ಯವಾಗಿ ಮಾತಾಡುವುದಿಲ್ಲ. ಇಲ್ಲಿ ಬೇಕಾದಷ್ಟನ್ನು ಹೇಳುತ್ತೇನೆ. ಐದರಿಂದ ಹತ್ತನೆಯ ವಯಸ್ಸಿನವರೆಗೆ ನಾನು ಮಾಡಿದ್ದು ಹೆಚ್ಚಾಗಿ ಹುಡುಗರ ಪಾತ್ರ, ನಾಯಕನ ಬಾಲ್ಯ. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಯೇ ಇಡುತ್ತಿದ್ದರು. ಒಂದು ಚಿತ್ರದ ಅರ್ಧದಲ್ಲಿ ನನ್ನ ಮುಂದಿನ ಎರಡು ಹಲ್ಲು ಬಿದ್ದವು. ಮರುದಿನ ಮೇಕಪ್ ಕೋಣೆಗೆ ಹೋದಾಗ ನನ್ನ ಚಡ್ಡಿ ಅಂಗಿ ಇನ್ನೊಬ್ಬ ಹುಡುಗಿಯ ಮೈಮೇಲಿದ್ದವು. ಯಾರೂ ನನ್ನನ್ನು ಬೈಯಲಿಲ್ಲ. ಕಾರು ಕೊಟ್ಟು ಮನೆಗೆ ಕಳಿಸಿದರು. ಅವರ ಲೆಕ್ಕವೂ ಸರಿಯಾಗಿಯೇ ಇದ್ದಿರಬೇಕು.

ಆ ಒಂದು ಗಂಟೆಯನ್ನು ನಾನು ತರಕಾರಿ ಮಂಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಚಿತ್ರಕಥೆ ಹರಡಿಕೊಂಡು ಕಳೆದೆ. ಏನೂ ಹೊಳೆಯಲಿಲ್ಲ. ಹುಡುಗಿ ಸ್ವಲ್ಪ ದೂರದಲ್ಲಿ ಲಾರಿಯೊಂದರ ಚಕ್ರಕ್ಕೆ ಒರಗಿ ಕಡಲೆಕಾಯಿ ತಿನ್ನುತ್ತಿದ್ದಳು. ಅಷ್ಟರಲ್ಲಿ ಮೈಸೂರಿನ ಬಸ್ಸಿನಲ್ಲಿ ಬಂದ ತಂದೆಯ ಪಾತ್ರಧಾರಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನಮ್ಮನ್ನು ಹುಡುಕುತ್ತ ಬಂದರು. ಆ ಲಾರಿಯ ಪಕ್ಕದಲ್ಲೇ, ಹುಡುಗಿಯಿಂದ ಎರಡು ಹೆಜ್ಜೆ ದೂರದಲ್ಲಿ ಹಾದರು. ಅವಳು ತಲೆಯೆತ್ತಿ ನೋಡಿದಳು. ಅವರೂ ಒಂದು ಕ್ಷಣ ಅವಳನ್ನು ನೋಡಿ, ಯಾರೋ ಲಾರಿಯವರ ಹುಡುಗ ಎಂಬಂತೆ ದಾಟಿ ನನ್ನ ಬಳಿ ಬಂದರು.

"ನಮಸ್ಕಾರ. ಎಲ್ಲಿ ನನ್ನ ಮಗಳು? ಒಂದು ಚಾಕೊಲೇಟ್ ತಂದಿದೀನಿ."

ಹಿಂದಿನಿಂದ ದನಿ ಬಂತು. "ಇಲ್ಲೇ ಇವ್ನಿ ಕಣಪ್ಪೋ! ಮಗ್ಳ ಗುರ್ತೇ ಇಲ್ವಾ ನಿನ್ಗ?"

ಅವರು ತಿರುಗಿದರು. ಏಳು ದಿನ ಜೊತೆಗಿದ್ದ, ತೊಡೆಯ ಮುಂದೆ ಕೂರಿಸಿಕೊಂಡು ತಲೆ ಬಾಚಿದ್ದ ಮಗು. ಅವರ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಗುರುತು, ಆಮೇಲೆ ನಾಚಿಕೆ ಬಂದದ್ದನ್ನು ನಾನು ನೋಡಿದೆ. ಆ ಮೂರೂ ಬಂದ ಕ್ರಮವನ್ನು ಯಾವ ನಿರ್ದೇಶಕರೂ ಹೇಳಿಕೊಡಲಾರರು. ನನ್ನ ಚಿತ್ರದ ಅಂತ್ಯ ನನ್ನ ಕಣ್ಣ ಮುಂದೆಯೇ ನಡೆದುಹೋಗಿತ್ತು.

ಕ್ಯಾಮೆರಾಮನ್ ಕೂಡ ನೋಡಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಮುಂದಿನದು ಕೇವಲ ಜೋಡಣೆಯ ಕೆಲಸ. ಕೊನೆಯ ಜಡೆಯ ದೃಶ್ಯವನ್ನು ಕಿತ್ತು ಚಿತ್ರದ ಮೊದಲಿಗೆ ಇಟ್ಟೆ. ಈಗ ಅದು ತಂದೆ ಊರು ಬಿಡುವ ಹಿಂದಿನ ದಿನ. "ಇನ್ ನಿನ್ನ ಬುಟ್ಟು ಎಲ್ಲೂ ಓಗಲ್ಲ ಬುಡು" ಎಂಬ ಮಾತು ಅಂತ್ಯದಲ್ಲಿದ್ದಾಗ ಸಾಂತ್ವನವಾಗಿತ್ತು. ಆರಂಭಕ್ಕೆ ಬಂದಾಗ ಅದು ಮುರಿಯಲಿರುವ ಮಾತಾಯಿತು. ಒಂದು ಅಕ್ಷರ ಬದಲಿಸಬೇಕಾಗಲಿಲ್ಲ. ಆಮೇಲೆ ಕಾಯುವ ದಿನಗಳು, ಶಾಲೆ, ಮನೆ, ಜಡೆ ಹಾಗೆಯೇ ಇದೆ. ಬಸ್ಸು ಹತ್ತುವ ದೃಶ್ಯದಲ್ಲಿ ತಲೆ ಬೋಳು. ಕೊನೆಗೆ ಲಾರಿಗಳ ಸಾಲಿನಲ್ಲಿ ತಂದೆ ಅವಳನ್ನು ಗುರುತಿಸದೆ ದಾಟಿ ಹೋಗುತ್ತಾನೆ.

ಮುಡಿ ಯಾಕೆ ಕೊಟ್ಟಳು ಎಂಬುದಕ್ಕೆ ಒಂದು ದೃಶ್ಯ ಬೇಕಲ್ಲ ಎಂದು ನಾನು ಗೊಣಗಿಕೊಳ್ಳುತ್ತಿದ್ದೆ. ಚಾಕೊಲೇಟ್ ತಿನ್ನುತ್ತಿದ್ದ ಹುಡುಗಿ ಹೇಳಿದಳು: "ಯಾರಾರು ಸುಮ್ ಸುಮ್ಕ ಕೂದ್ಲು ಕೊಟ್ಟಾರಾ ಅಕ್ಕ? ಅಪ್ಪ ಬರ್ಲಿ ಅಂತ ಕೊಟ್ಟಿ ಅನ್ನದು. ಅಷ್ಟೇ."

ಅಷ್ಟೇ ಸಾಕಾಗಿತ್ತು. ಡ್ರೈವರೊಬ್ಬ ಕೇಳುತ್ತಾನೆ, ಅವಳು ಹೇಳುತ್ತಾಳೆ. ಒಂದು ಸಾಲು.

ಉಳಿದ ತೊಡಕು ಟಿ.ವಿ. ಕೇಂದ್ರದ್ದು. ಚಿತ್ರಕಥೆಗೆ ಒಪ್ಪಿಗೆ ಕೊಟ್ಟಿದ್ದ ಅಧಿಕಾರಿಗೆ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅಂತ್ಯ ಬದಲಾದರೆ ಮತ್ತೆ ಸಮಿತಿಯ ಮುಂದೆ ಬರಬೇಕಮ್ಮ. ಎರಡು ಮೂರು ತಿಂಗಳು. ನೀವು ಹಾಗೇ ತೆಗೆದುಕೊಂಡು ಬಂದರೆ ಅದು ನಿಮ್ಮ ಜವಾಬ್ದಾರಿ. ವಾಪಸ್ ಕಳಿಸಿದರೆ ನನ್ನನ್ನು ಕೇಳಬೇಡಿ," ಎಂದರು.

ಬೂತಿನ ಹೊರಗೆ ಮ್ಯಾನೇಜರ್ ನಿಂತಿದ್ದರು. ಮೈಸೂರಿನ ಹುಡುಗಿಯ ಮನೆಯ ಫೋನ್ ನಂಬರು ಬರೆದ ಚೀಟಿ ಅವರ ಕೈಯಲ್ಲಿತ್ತು. "ಏನಂದ್ರು ಮೇಡಂ?"

"ಜವಾಬ್ದಾರಿ ನಮ್ಮದು ಅಂದ್ರು."

"ಅಂದ್ರೆ ಬೇಡ ಅಂದ ಹಾಗೆ."

"ಬೇಡ ಅನ್ನಲಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಚಾಮರಾಜನಗರಕ್ಕೆ ಹೊರಡಬೇಕು. ಬಸ್ಸು ಹತ್ತುವ ದೃಶ್ಯ ಮತ್ತೆ ತೆಗೀತೀವಿ. ಇದೇ ಹುಡುಗಿ."

ಅವರು ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಹರಿದು ಹಾಕಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಉಳಿದ ನಾಲ್ಕು ದಿನಗಳನ್ನು ನಾವು ಕಥೆ ನಡೆಯುವ ಕ್ರಮದಲ್ಲೇ ತೆಗೆಯಬೇಕಾಯಿತು. ಸಾಮಾನ್ಯವಾಗಿ ಯಾರೂ ಹಾಗೆ ತೆಗೆಯುವುದಿಲ್ಲ. ಆದರೆ ಬೋಳು ತಲೆ ಜಡೆಯಂತಲ್ಲ, ಅದು ದಿನದಿನಕ್ಕೂ ಬದಲಾಗುತ್ತದೆ. ಮೊದಲ ದಿನ ಗಂಧದ ಹಳದಿ, ಎರಡನೆಯ ದಿನ ಬಿಸಿಲಿಗೆ ಕೆಂಪು, ಮೂರನೆಯ ದಿನ ಬೆರಳಿಗೆ ಒರಟಾಗಿ ತಾಕುವ ಕಪ್ಪು ಚುಕ್ಕಿಗಳು. ಹತ್ತಿರದ ಶಾಟಿನಲ್ಲಿ ಎಲ್ಲವೂ ಕಾಣುತ್ತದೆ. ದಾಖಲೆ ಪುಸ್ತಕದಲ್ಲಿ ರಿಬ್ಬನ್ ಎಂದಿದ್ದ ಕಡೆ ಗೀಟು ಹೊಡೆದು "ತಲೆ" ಎಂದು ಬರೆದೆ.

ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಮುಚ್ಚಿ ಹೆಗಲ ಮೇಲೆ ಹಿಡಿದು, ಜನ ಸೇರುವ ಮೊದಲೇ ಎರಡು ಟೇಕಿನಲ್ಲಿ ಮುಗಿಸಿದೆವು. ಗುಂಡ್ಲುಪೇಟೆಯ ಮಂಡಿಯಲ್ಲಿ ಅಷ್ಟು ಸುಲಭವಾಗಲಿಲ್ಲ. ನಿಜವಾದ ಡ್ರೈವರನನ್ನೇ ಪಾತ್ರಕ್ಕೆ ನಿಲ್ಲಿಸಿದ್ದೆ. ಅವನಿಗಿದ್ದದ್ದು ಒಂದೇ ಮಾತು. ಸುತ್ತ ನಿಂತಿದ್ದ ಅವನ ಗೆಳೆಯರು ಬಿಡಬೇಕಲ್ಲ.

"ಲೇ, ಹೊಟ್ಟ ಒಳಕ್ ಎಳ್ಕಳ್ಳ! ಟೀವಿಲಿ ಲಾರಿ ಕಾಣ್ದಂಗ್ ಆಯ್ತದ!"

"ಸುಮ್ಕಿರ್ಲಾ, ಇಂವ ಈರೋ ಆಗ್ಬುಟ್ಟಾನು ಅಂತ ಒಟ್ಟೆಕಿಚ್ಚು ನಿನ್ಗ."

ಹನ್ನೊಂದನೆಯ ಟೇಕಿಗೆ ಅವನು ನಗದೆ, "ಯಾಕ ಕೂಸು ತಲ ಬೋಳ್ಸಿರದು?" ಎಂದು ಕೇಳಿದ. ಹುಡುಗಿ, "ಅಪ್ಪ ಬರ್ಲಿ ಅಂತ ಕೊಟ್ಟಿ," ಎಂದಳು. ಅವನು ಮುಂದೆ ಮಾತಾಡಬೇಕಾಗಿಯೇ ಇರಲಿಲ್ಲ, ಆದರೂ "ಬತ್ತನ ಬುಡು" ಎಂದ. ಅದನ್ನೂ ಇಟ್ಟುಕೊಂಡೆ.

ಐದನೆಯ ದಿನ ಗುಂಡ್ಲುಪೇಟೆ ಬಳಿಯ ಮದ್ದೂರಿನ ಕಾಡಂಚಿನ ರಸ್ತೆಯಲ್ಲಿ, ಕೇರಳದ ಕಡೆ ಹೋಗುವ ಲಾರಿಗಳನ್ನು ಹುಡುಗಿ ನೋಡುತ್ತ ನಿಲ್ಲುವ ದೃಶ್ಯ. ಅದು ಅರ್ಧ ದಿನದಲ್ಲಿ ಮುಗಿಯಿತು. ಕೊನೆಯ ದಿನಕ್ಕೆ ಉಳಿದದ್ದು ಅಂತ್ಯ.

ಅಂತ್ಯ ಬರಲಿಲ್ಲ. ಬೆಳಗಿನ ಐದು ಟೇಕುಗಳೂ ಕೆಟ್ಟವು. ತಪ್ಪು ಯಾರದೂ ಅಲ್ಲ; ತಂದೆಯ ಪಾತ್ರಧಾರಿಗೆ ಈಗ ಹುಡುಗಿ ಎಲ್ಲಿದ್ದಾಳೆಂದು ಗೊತ್ತಿತ್ತು. ಆದ್ದರಿಂದ ಅವರು ನೋಡದಿರುವುದನ್ನು ನಟಿಸುತ್ತಿದ್ದರು. ಅವರ ಕತ್ತು ಅವಳ ಹತ್ತಿರ ಬಂದಾಗಲೆಲ್ಲ ಕಾಣದಷ್ಟು ಸಣ್ಣಗೆ ಬಿಗಿಯುತ್ತಿತ್ತು. ಮಾನಿಟರಿನಲ್ಲಿ ನನಗೆ ಕಾಣುತ್ತಿತ್ತು.

"ಗೊತ್ತಿರೋದನ್ನ ಮರೆಯೋದು ಹೇಗೆ, ಹೇಳಿ," ಎಂದರು ಅವರು, ಬೆವರು ಒರೆಸಿಕೊಳ್ಳುತ್ತ.

ಮಕ್ಕಳಿಂದ ನಟನೆ ಮಾಡಿಸಲು ನಿರ್ದೇಶಕರು ಒಂದು ಉಪಾಯ ಮಾಡುತ್ತಾರೆ. ಅಳು, ನಗು ಎಂದು ಹೇಳುವ ಬದಲು ಒಂದು ಕೆಲಸ ಕೊಟ್ಟುಬಿಡುವುದು. ನಾನು ಅವರನ್ನು ಮಂಡಿಯ ಗೇಟಿನ ಹೊರಗೆ ಕಳಿಸಿ, ಸಾಲಿನಲ್ಲಿದ್ದ ಹದಿನಾಲ್ಕು ಲಾರಿಗಳಲ್ಲಿ ಒಂದರ ಹಿಂಬದಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸಣ್ಣ ಗುರುತು ಹಾಕಿಸಿದೆ. ಒಳಗೆ ಕರೆದು ಹೇಳಿದೆ: "ಒಂದು ಲಾರಿಯ ಮೇಲೆ ಒಂದು ಗುರುತಿದೆ. ಅದು ನಿಮ್ಮ ಲಾರಿ. ಹುಡುಕಿ. ಅದು ಸಿಗುವವರೆಗೆ ನೀವು ನಟರಲ್ಲ."

ಹುಡುಗಿ ನನ್ನ ತೋಳು ಹಿಡಿದು ಕೇಳಿದಳು: "ನಾನು ಯಾವಾಗ ಕೂಗ್ಲಿ ಅಕ್ಕ?"

ಚಿತ್ರಕಥೆಯಲ್ಲಿ, ತಂದೆ ಅವಳನ್ನು ಬಿಟ್ಟು ಇನ್ನೆರಡು ಲಾರಿ ದಾಟಿದ ಕೂಡಲೇ ಎಂದು ಬರೆದಿದ್ದೆ. "ನಿನಗೆ ಯಾವಾಗ ಕೂಗಬೇಕು ಅನ್ನಿಸುತ್ತೋ ಆಗ," ಎಂದೆ.

ಅವರು ಬಂದರು. ಕಣ್ಣು ಹಲಗೆಯಿಂದ ಹಲಗೆಗೆ ಓಡುತ್ತಿತ್ತು. ಹುಡುಗಿ ನಾಲ್ಕನೆಯ ಲಾರಿಯ ಪಕ್ಕದಲ್ಲಿದ್ದಳು. ಅವರು ಅವಳನ್ನು ಮೂಟೆಯಂತೆ ಬಳಸಿ ದಾಟಿದರು. ಕ್ಯಾಮೆರಾ ಅವಳ ಮುಖದ ಮೇಲೆ ನಿಂತಿತು. ಐದನೆಯ ಲಾರಿ. ಆರನೆಯದು. ಅವಳು ಕೂಗಲಿಲ್ಲ. ಅವಳ ಕೈ ತಾನಾಗಿ ಬೆನ್ನ ಹಿಂದೆ ಹೋಗಿ, ಇಲ್ಲದ ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳಲು ಹುಡುಕಿತು. ಐದು ವರ್ಷದ ಅಭ್ಯಾಸ ಅದು, ನಾನು ಹೇಳಿಕೊಟ್ಟದ್ದಲ್ಲ. ಏಳನೆಯ ಲಾರಿ. ಕ್ಯಾಸೆಟ್ಟಿನಲ್ಲಿ ಉಳಿದದ್ದು ಒಂದು ನಿಮಿಷ ಎಂದು ಕ್ಯಾಮೆರಾಮನ್ ಬೆರಳೆತ್ತಿ ತೋರಿಸಿದರು. ಆಗ ಅವಳು, ಅಂಗಡಿಯಲ್ಲಿ ಸಾಮಾನು ಕೇಳುವಷ್ಟೇ ಸಹಜವಾಗಿ, "ಅಪ್ಪೋ," ಎಂದಳು.

ಅವರು ತಿರುಗಿದರು. ಆ ಮೂರೂ ಭಾವ ಅದೇ ಕ್ರಮದಲ್ಲಿ ಬಂದವು.

ಇನ್ನೊಂದು ಟೇಕ್ ಬೇಕೆ ಎಂದು ಯಾರೂ ಕೇಳಲಿಲ್ಲ. ಮ್ಯಾನೇಜರ್ ಜೇಬಿನಿಂದ ಚೀಟಿ ತೆಗೆದು ಅದರ ಹಿಂಬದಿಯಲ್ಲಿ ಸಾಮಾನು ಸಾಗಿಸುವ ವ್ಯಾನಿನ ಲೆಕ್ಕ ಬರೆಯತೊಡಗಿದರು.

ಸಂಕಲನಕ್ಕೆ ಹನ್ನೊಂದು ದಿನ ಹಿಡಿಯಿತು. ಕೇಂದ್ರದಲ್ಲಿ ಸಮಿತಿಯ ನಾಲ್ವರು ಕತ್ತಲೆ ಕೋಣೆಯಲ್ಲಿ ಕೂತು ನೋಡಿದರು. ಅಂತ್ಯ ಬದಲಾದದ್ದನ್ನು ಒಂದು ಪುಟದಲ್ಲಿ ಬರೆದು ಮುಂಚೆಯೇ ಕೊಟ್ಟಿದ್ದೆ. ಬಚ್ಚಿಟ್ಟು ಗೆಲ್ಲುವ ಕೆಲಸ ನನಗೆ ಬರುವುದಿಲ್ಲ. ಚಿತ್ರ ಮುಗಿದ ಮೇಲೆ ಒಬ್ಬ ಹಿರಿಯ ಸದಸ್ಯರು ಕೇಳಿದರು: "ಬೋಳು ತಲೆಯ ಮೇಕಪ್ ಯಾರದು? ದಿನದಿನಕ್ಕೂ ಕೂದಲು ಮೊಳೆಯುವುದನ್ನೂ ತೋರಿಸಿದ್ದೀರಿ. ಬಹಳ ಶ್ರಮದ ಕೆಲಸ."

ನಿಜ ಹೇಳಿದೆ. ಅವರು ಪಕ್ಕದವರನ್ನು ನೋಡಿದರು. ನಾನು ಬರೆದುಕೊಟ್ಟಿದ್ದ ಪುಟದ ಕೆಳಗೆ ನಾಲ್ವರೂ ಸಹಿ ಹಾಕಿದರು.

ಪ್ರಸಾರವಾದದ್ದು ಒಂದು ಭಾನುವಾರ ಮಧ್ಯಾಹ್ನ. ನಾನು ಬೆಳಿಗ್ಗೆಯೇ ಬಸ್ಸು ಹಿಡಿದು ಉಮ್ಮತ್ತೂರಿಗೆ ಹೋಗಿದ್ದೆ. ಊರಿನ ಜಮೀನುದಾರರೊಬ್ಬರು ತಮ್ಮ ಟಿ.ವಿ.ಯನ್ನು ಜಗಲಿಗೆ ತಂದಿಟ್ಟಿದ್ದರು. ಅಂಗಳದಲ್ಲಿ ನೂರು ಜನರಾದರೂ ಇದ್ದರು. ನಾನು ಹಿಂದೆ, ಬಾಗಿಲ ಬಳಿ ಕುಳಿತೆ. ಹುಡುಗಿ ಎಲ್ಲರಿಗಿಂತ ಮುಂದೆ ಅಜ್ಜಿಯ ಪಕ್ಕದಲ್ಲಿದ್ದಳು. ಕೂದಲು ಆಗ ಒಂದು ಬೆರಳಷ್ಟು ಬೆಳೆದಿತ್ತು.

ಪರದೆಯ ಮೇಲೆ ತಂದೆ ಗೇಟು ದಾಟಿ ಲಾರಿಗಳ ಸಾಲಿಗೆ ಬಂದ. ಅವನು ಮಗಳನ್ನು ಬಳಸಿಕೊಂಡು ಮುಂದೆ ಹೋದ ಕೂಡಲೇ ಒಬ್ಬ ಗಂಡಸು ಎದ್ದು ನಿಂತುಬಿಟ್ಟ.

"ಲೋ! ಅಲ್ಲೇ ಅವ್ಳ ಕಣ್ಲಾ ನಿನ್ ಮಗ್ಳು! ತಿರುಕ್ಕಂಡ್ ನೋಡ್ಲಾ!"

"ಕಣ್ ಕಾಣಕಿಲ್ವಾ ಇವ್ನ್ಗ!"

"ಓಯ್ತಾ ಅವ್ನಲ್ಲಪ್ಪೋ! ಯಾರಾರು ಕರೀರ್ರೋ!"

ಅಂಗಳವೆಲ್ಲ ಕೂಗತೊಡಗಿತು. ಹೆಂಗಸರು, ಮುದುಕರು, ಆ ಮಗುವಿನ ಸ್ವಂತ ತಂದೆ ಕೂಡ. ಟಿ.ವಿ.ಯ ದನಿ ಕೇಳಿಸದಾಯಿತು. ಮುಂದೆ ಕೂತಿದ್ದ ಹುಡುಗಿ ಎದ್ದು ಜನರ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟಳು.

"ಎಲ್ರೂ ಸುಮ್ಕಿರಿ," ಎಂದಳು. "ನಾನೇ ಕೂಗ್ತೀನಿ."